ವಿನೋದವನದಲ್ಲಿ ದೊಡ್ಡವರ ಬಿಡಾರ

ಪರಸ್ಥಳಕ್ಕೆ ಹೊರಟವರು ನೋಡಬೇಕಾದ ಸ್ಥಳದ ವಿಚಾರವನ್ನು ಹತ್ತು ಮಂದಿಯಲ್ಲಿ ಕೇಳಿ ತಿಳಿದುಕೊಳ್ಳುವರು. ಇಳಿದುಕೊಳ್ಳಬೇಕಾದ ಬಿಡಾರದ ವಿಚಾರವನ್ನು ಮಾತ್ರ ಕಡೆಯ ಗಳಿಗೆಯವರೆಗೆ ಬಿಟ್ಟಿರುವರು. ಆದರೆ ಪ್ರವಾಸವು ಮುಗಿದು ಮನೆ ಸೇರಿದ ಮೇಲೆ ಅವರು ಬೇಸರದಿಂದ ಹೇಳಿಕೊಳ್ಳುವ ಸಂಗತಿಗಳನ್ನು ಕಿವಿಗೊಟ್ಟು ಕೇಳಿದರೆ, ಅವುಗಳಲ್ಲಿ ಬಹುಪಾಲು ಬಿಡಾರಕ್ಕೆ ಸಂಬಂಧಪಟ್ಟವೇ ಆಗಿರುವುವು. ಕಾಲು ಸೋತಾಗ ಮಲಗುವ ಸ್ಥಳ ದೂರವಾಗಿತ್ತು, ರಾತ್ರಿ ಗದ್ದಲದಲ್ಲಿ ನಿದ್ರೆ ಹತ್ತಲಿಲ್ಲ, ಹೊಟ್ಟೆಗೆ ಒಗ್ಗುವ ಆಹಾರ ದೊರೆಯಲಿಲ್ಲ, ಕೊಟ್ಟ ಹಣಕ್ಕೆ ತಕ್ಕ ಸುಖವಿರಲಿಲ್ಲ ಎಂಬಿವೇ ಆ ದೂರುಗಳು. ಯಾತ್ರೆಗೆ ಹೊರಡುತ್ತಿದ್ದ ನಮ್ಮ ಹಿರಿಯರು, ದೇವಸ್ಥಾನಕ್ಕೂ ಸ್ನಾನಘಟ್ಟಕ್ಕೂ ಸಮೀಪವಾದ ಛತ್ರ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳುತ್ತಿದ್ದುದು ವ್ಯರ್ಥಪ್ರಯಾಸವಾಗಿರಲಿಲ್ಲ.

ಪ್ರಕೃತ ಲೇಖನದ ವಿಷಯವು ತೀರ್ಥಕ್ಷೇತ್ರವಲ್ಲ, ವಿನೋದಕ್ಷೇತ್ರ. ಒಂದೊಂದು ಭಾಗವನ್ನು ಒಂದೊಂದು ಕಥೆಯ, ದೇಶದ ಅಥವಾ ಕಾಲದ ಹೋಲಿಕೆಯಲ್ಲಿ ಶೃಂಗರಿಸಿ, ಸವಾರಿ, ನಾಟಕ, ಮೆರವಣಿಗೆ, ಬಾಣಬಿರುಸುಗಳಿಂದ ಜನರನ್ನು ರಂಜಿಸುವ ವಿಶಾಲವಾದ ಉದ್ಯಾನಗಳಿಗೆ ಥೀಮ್ ಪಾರ್ಕ್ ಎಂದು ಹೆಸರು. ನಾವು ಅವನ್ನು ವಿನೋದವನಗಳೆಂದು ಕರೆಯೋಣ. ಇಂತಹ ಸ್ಥಳಗಳು ಮಕ್ಕಳಿಗಾಗಿಯೇ ಇರುವುವೆಂಬುದು ಸಾಮಾನ್ಯ ಅಭಿಪ್ರಾಯ. ಆದರೂ ಮಕ್ಕಳಿಲ್ಲದೆ ಹೋಗುವ ದಂಪತಿಗಳು, ಸಭೆ ಸಮ್ಮೇಳನಗಳಿಗೆಂದು ಬಂದು ಎರಡು ದಿನ ಉಳಿಯುವ ಉದ್ಯೋಗಸ್ಥರು, ಒಟ್ಟಿಗೆ ಓದಿದ ಗೆಳತಿಯರು, ನಿವೃತ್ತರಾದ ಹಿರಿಯರು ಅಲ್ಲಿ ಸಾವಿರಗಟ್ಟಲೆ ಕಾಣಬರುವರು. ಇಂತಹ ಪ್ರೌಢ ಪ್ರವಾಸಿಗಳು ಬಿಡಾರವನ್ನು ಆರಿಸಿಕೊಳ್ಳಬೇಕಾದ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿರುವೆವು. ಎಲ್ಲಾ ವಿನೋದವನಗಳ ಮಾತನ್ನೂ ಒಂದೇ ಕಡೆ ಹೇಳಲು ಹೊರಟರೆ ಯಾವುದೂ ಸ್ಪಷ್ಟವಾಗದು. ಆದುದರಿಂದ ಅಮೆರಿಕೆಯ ಫ್ಲಾರಿಡಾ ಸಂಸ್ಥಾನದಲ್ಲಿ, ಒರ್ಲಾಂಡೊ ನಗರದ ಸಮೀಪದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು.

ನಮ್ಮ ಓದುಗರಿಗೆ ಆ ದೂರದೇಶದ ವಿಚಾರವೇಕೆಂದು ಯಾರಾದರೂ ಕೇಳಬಹುದು. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕೆಯಲ್ಲಿ ನೆಲಸಿರುವರು. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡುವುದಕ್ಕೆಂದೋ ತಾಯಿತಂದೆಗಳು ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದು ಬರುವರು. ಹೀಗೆ ಬಂದ ಹಿರಿಯರನ್ನು ಒಮ್ಮೆ ಡಿಸ್ನಿ ವರ್ಲ್ಡಿಗೆ ಕರೆದುಕೊಂಡು ಹೋಗಬೇಕೆಂದು ಮಕ್ಕಳಿಗೆ ಆಸೆ. “ಎಲ್ಲಿ ಇಳಿದುಕೊಳ್ಳೋಣ ಅಪ್ಪಾ?” ಎಂದು ಮಗನು ಕೇಳಿದರೆ, “ಎಲ್ಲಾದರೂ ಆದೀತು, ನಮಗೇನು, ಒಂದು ಮೂಲೆ ಸಾಕು” ಎಂಬುದೇ ನಮ್ಮ ಹಿರಿಯರ ಉತ್ತರ. ಈ ಸೌಜನ್ಯದ ಉತ್ತರದಿಂದಲೇ ಆಮೇಲಿನ ಕಷ್ಟಗಳೆಲ್ಲ ಹುಟ್ಟುವುವೆಂಬುದು ಮುಂದೆ ತಿಳಿಯುವುದು.

ಮೊದಲು ಆ ಸ್ಥಳದ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಚಲಿಸುವ ಚಿತ್ರಗಳ ಮೂಲಕ ಪ್ರಸಿದ್ಧರಾಗಿದ್ದ ವಾಲ್ಟ್ ಡಿಸ್ನಿಯವರು, ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಹೆಣ್ಣುಮಕ್ಕಳು ತಿರುಗುವ ಮರದ ಕುದುರೆಗಳ ಮೇಲೆ ಆಡುತ್ತಿರಲು, ತಾವು ಬೆಂಚಿನ ಮೇಲೆ ಸುಮ್ಮನೆ ಕುಳಿತು ಕಾಲ ಕಳೆಯಬೇಕಾಗುತ್ತಿದ್ದುದನ್ನು ನೆನೆದು, ದೊಡ್ಡವರೂ ಮಕ್ಕಳೂ ಕೂಡಿ ಸಂತೋಷಪಡುವ ಸ್ಥಳವೊಂದಿರಬೇಕೆಂದು ಯೋಚಿಸಿದರು. ಈ ಯೋಚನೆಯಿಂದ ೧೯೫೫ನೆಯ ಜುಲೈ ೧೭ರಂದು ಕ್ಯಾಲಿಫೋರ್ನಿಯಾದ ಆನಹೈಮಿನಲ್ಲಿ ಡಿಸ್ನಿಲ್ಯಾಂಡ್ ಆರಂಭವಾಯಿತು. ಅಂದಮೇಲೆ, ವಿನೋದವನವೆಂಬುದು ದೊಡ್ಡವನೊಬ್ಬನ ಬೇಸರದಿಂದ ಹುಟ್ಟಿದ ವಸ್ತು. ಅಲ್ಲಿಗೆ ಹೋಗಲು ದೊಡ್ಡವರು ನಾಚಬೇಕಾದ ಕಾರಣವೇ ಇಲ್ಲ.

ಆನಹೈಮಿನಲ್ಲಿ ಡಿಸ್ನಿಯವರಿಗೆ ಇದ್ದ ಜಮೀನು ಕಡಮೆ. ಉದ್ಯಾನದ ಹೊರಗೆ ಸುತ್ತಲೂ ಇತರರು ಅಡ್ಡಾದಿಡ್ಡಿಯಾಗಿ ತಂಗುಮನೆಗಳನ್ನು ಕಟ್ಟಿಕೊಂಡು ಬಂದುದು ಅವರ ಮನಸ್ಸಿಗೆ ಒಪ್ಪಲಿಲ್ಲ. ಅದಕ್ಕಾಗಿ ಎರಡನೆಯ ಪ್ರಯತ್ನದಲ್ಲಿ, ೧೯೬೪-೬೫ರಲ್ಲಿ, ಫ್ಲಾರಿಡಾದಲ್ಲಿ ಬೇರೆ ಬೇರೆ ಕಂಪೆನಿಗಳ ಹೆಸರಿನಿಂದ ಸದ್ದಿಲ್ಲದೆ ಸುಮಾರು ೨೭,೦೦೦ ಎಕರೆ ನೆಲವನ್ನು ಕೊಳ್ಳಲಾಯಿತು. ಡಿಸ್ನಿಯವರು ೧೯೬೬ರಲ್ಲಿ ತೀರಿಕೊಂಡರು. ಅವರ ಅಣ್ಣ ರಾಯ್ ಡಿಸ್ನಿಯವರು ಕೆಲಸವನ್ನು ಮುಂದುವರಿಸಿ, ೧೯೭೧ನೆಯ ಅಕ್ಟೋಬರ್ ೧ರಂದು ಮ್ಯಾಜಿಕ್ ಕಿಂಗ್‌ಡಮ್ ಎಂಬ ಮೊದಲನೆಯ ವನವನ್ನು ತೆರೆದರು. ಅದರೊಡನೆಯೇ ಕಾಂಟೆಂಪೊರರಿ, ಪಾಲಿನೇಷಿಯನ್ ಎಂಬ ಎರಡು ಹೋಟೆಲುಗಳೂ ತೆರೆದವು. ವನವೂ ಬಿಡಾರವೂ ಒಂದೇ ಯೋಜನೆಯ ಎರಡು ಅಂಗಗಳೆಂಬುದು ಇದರಿಂದ ವ್ಯಕ್ತವಾಗುವುದು. ನಮ್ಮಲ್ಲಿ ಹೋಟೆಲೆಂದರೆ ಕಾಫಿ ತಿಂಡಿಯ ಅಂಗಡಿಯೆಂದೇ ರೂಢಿ. ಇಲ್ಲಿ ಆ ಪದವನ್ನು ತಂಗುವ ಮನೆಯೆಂಬ ಅರ್ಥದಲ್ಲಿ ಬಳಸಿರುವೆವು.

ಮುಂದೆ ೧೯೮೨ರಲ್ಲಿ ಎಪ್ಕಾಟ್, ೧೯೮೯ರಲ್ಲಿ ಇಂದು ಹಾಲಿವುಡ್ ಸ್ಟುಡಿಯೋಸ್ ಎಂದು ಕರೆಯುವ ವನ, ೧೯೯೮ರಲ್ಲಿ ಅನಿಮಲ್ ಕಿಂಗ್‌ಡಮ್ ಎಂಬಿವು ಸೇರಿದುವು. ಈ ನಾಲ್ಕು ವನಗಳೂ ಇಪ್ಪತ್ತೈದಕ್ಕೆ ಮೀರಿದ ಹೋಟೆಲುಗಳೂ ಸುಮಾರು ೪೦ ಚದರ ಮೈಲಿಗಳಲ್ಲಿ ಹರಡಿಕೊಂಡಿವೆ. ಇದು ಒಂದು ತೋಟವಲ್ಲ, ಒಂದು ಊರಿನಷ್ಟು ವಿಸ್ತಾರವಾದ ಪ್ರದೇಶ. ಒಂದು ವನದಿಂದ ಮತ್ತೊಂದಕ್ಕೆ ಬಹುಮಟ್ಟಿಗೆ ವಾಹನದಲ್ಲಿಯೇ ಹೋಗಬೇಕು. “ಡಿಸ್ನಿ ವರ್ಲ್ಡಿನ ಒಳಗೇ ಕೊಠಡಿ ಹಿಡಿದಿದ್ದೇವೆ” ಎಂದ ಮಾತ್ರಕ್ಕೆ ವನದ ಬಾಗಿಲಲ್ಲಿಯೇ ಇದ್ದೇವೆಂದು ಭಾವಿಸಬಾರದು. ಬಿಡಾರದ ಆಯ್ಕೆಗೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

ಡಿಸ್ನಿ ಕಂಪೆನಿಯು ತನ್ನ ಹೋಟೆಲುಗಳನ್ನು ಮುಖ್ಯವಾಗಿ ಮೂರು ದರ್ಜೆಗಳಾಗಿ ವಿಂಗಡಿಸಿದೆ. ವ್ಯಾಲ್ಯೂ ಎಂಬುದು ಕಡಮೆ ದರದ್ದು, ಮಾಡರೇಟ್ ಎಂಬುದು ಮಧ್ಯಮ, ಡೀಲಕ್ಸ್ ಎಂಬುದು ಮೇಲಿನದು. ಇವಲ್ಲದೆ ಅಡಿಗೆಮನೆಯ ಸೌಕರ್ಯವುಳ್ಳ ವಿಲ್ಲಾಗಳೂ ಉಂಟು. ಕಡಮೆ ದರ್ಜೆಯ ಕೊಠಡಿ ಸುಮಾರು ೨೬೦ ಚದರ ಅಡಿ. ಮಧ್ಯಮದ್ದು ೩೧೪ ಚದರ ಅಡಿಯ ಆಸುಪಾಸು. ಮೇಲ್ದರ್ಜೆಯದು ಹೋಟೆಲಿನಿಂದ ಹೋಟೆಲಿಗೆ ಬೇರೆಯಾಗಿ, ಗ್ರ್ಯಾಂಡ್ ಫ್ಲಾರಿಡಿಯನ್ ಎಂಬಲ್ಲಿ ೪೪೦ ಚದರ ಅಡಿಯವರೆಗೆ ಇರುವುದು. ಒಂದೇ ದಿನದ ದರವನ್ನು ಹೋಲಿಸಿ ನೋಡಿದರೆ, ಮೇಲಿನ ದರ್ಜೆಯು ಕೆಳಗಿನದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚಾಗಿರುವುದು ಅಪರೂಪವಲ್ಲ. ಆದರೆ ಕೊಠಡಿಯ ಅಗಲ ಮೂರು ಪಟ್ಟಾಗಿಲ್ಲ. ಹಾಸಿಗೆಯೂ ಮೂರು ಪಟ್ಟು ಮೆತ್ತಗಾಗಿಲ್ಲ. ಹಾಗಾದರೆ ಆ ಹೆಚ್ಚಿನ ಹಣವು ಯಾವುದರ ಬೆಲೆ?

ನಮ್ಮ ಅಭಿಪ್ರಾಯದಲ್ಲಿ ಅದು ಮುಖ್ಯವಾಗಿ ದಾರಿಯ ಬೆಲೆ. ಮೇಲ್ದರ್ಜೆಯ ಹೋಟೆಲುಗಳಲ್ಲಿ ಹೆಚ್ಚಿನವು ಯಾವುದಾದರೊಂದು ವನಕ್ಕೆ ನಡೆದು ಹೋಗುವಷ್ಟು, ಇಲ್ಲವೆ ದೋಣಿಯಲ್ಲಿಯೋ ಮೋನೊರೈಲಿನಲ್ಲಿಯೋ ಹೋಗುವಷ್ಟು ಹತ್ತಿರದಲ್ಲಿವೆ. ಕೆಳದರ್ಜೆಯವು ಸಾಮಾನ್ಯವಾಗಿ ದೂರದಲ್ಲಿದ್ದು ಬಸ್ಸನ್ನೇ ನಂಬಿರುವುವು. ಪ್ರೌಢ ಪ್ರವಾಸಿಗಳು ಹೋಟೆಲನ್ನು ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ಕೊಠಡಿ ಹೇಗಿದೆ ಎಂಬುದಲ್ಲ, ಕಾಲು ಸೋತಾಗ ನಾವು ಹೇಗೆ ಹಿಂದಿರುಗುವೆವು ಎಂಬುದು. ಬೆಳಗ್ಗೆ ಹೋಗುವ ದಾರಿ ಯಾರಿಗೂ ದೂರವೆನಿಸದು. ಉತ್ಸಾಹವೇ ಕರೆದುಕೊಂಡು ಹೋಗುವುದು. ಹಿಂದಿರುಗುವ ದಾರಿಯಾದರೋ ಬೇರೆ. ವನಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ನಡೆಯಬೇಕಾಗುವುದು ಅಸಾಮಾನ್ಯವಲ್ಲ. ರಾತ್ರಿ ಬಾಣಬಿರುಸುಗಳು ಮುಗಿದೊಡನೆ ಸಾವಿರಾರು ಜನರು ಒಂದೇ ಸಲಕ್ಕೆ ಬಾಗಿಲ ಕಡೆಗೆ ತಿರುಗುವರು. ಆಗ ಬಸ್ಸಿನ ಸಾಲಿನಲ್ಲಿ ನಿಂತಿರುವ ಅರುವತ್ತೈದರ ವೃದ್ಧರಿಗೂ, ಹತ್ತು ನಿಮಿಷ ತಂಪಿನಲ್ಲಿ ನಡೆದು ಕೊಠಡಿ ಸೇರಿದ ವೃದ್ಧರಿಗೂ ಮರುದಿನದ ಬೆಳಗು ಒಂದೇ ರೀತಿಯದಾಗಿರದು.

ಮಕ್ಕಳಿಗೂ ದೊಡ್ಡವರಿಗೂ ಇರುವ ಭೇದ ಇದರಲ್ಲಿಯೇ ಇದೆ. ಮಗುವು ದಣಿದರೆ ತಂದೆಯ ಹೆಗಲ ಮೇಲೆ ನಿದ್ರೆಮಾಡುವುದು. ದಣಿದ ತಂದೆಯನ್ನು ಹೊರುವವರಾರು? ಆದುದರಿಂದ ತಿಳಿದವರು ಮಧ್ಯಾಹ್ನದಲ್ಲಿ ಒಮ್ಮೆ ಬಿಡಾರಕ್ಕೆ ಬಂದು, ಊಟಮಾಡಿ, ಒಂದೆರಡು ಗಂಟೆ ಮಲಗಿ, ಸಂಜೆಗೆ ಮತ್ತೆ ಹೊರಡುವರು. ಫ್ಲಾರಿಡಾದಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೇಗೆಯೂ ತೇವವೂ ಹೆಚ್ಚು. ಮಧ್ಯಾಹ್ನಗಳಲ್ಲಿ ಗುಡುಗುಮಳೆ ಸಾಮಾನ್ಯ. ಆ ಹೊತ್ತಿನಲ್ಲಿ ಕೊಠಡಿಗೆ ಬಂದುಬಿಡುವುದು ಸುಖವೂ ಹೌದು, ಆರೋಗ್ಯವೂ ಹೌದು. ಆದರೆ ಹೋಗಿಬರುವ ದಾರಿಗೇ ಎರಡು ಗಂಟೆ ಹಿಡಿಯುವಂತಿದ್ದರೆ ಯಾರೂ ಬರುವುದಿಲ್ಲ. ನೆರಳು ಹುಡುಕಿಕೊಂಡು ಅಲ್ಲಿಯೇ ಕುಳಿತು ಬಳಲುವರು.

ಈ ದೃಷ್ಟಿಯಿಂದ ನೋಡಿದರೆ, ಯಾವ ವನದಲ್ಲಿ ಹೆಚ್ಚು ಹೊತ್ತು ಕಳೆಯಬೇಕೆಂದಿರುವಿರೋ ಅದರ ಸಮೀಪವೇ ನಿಮಗೆ ತಕ್ಕ ಸ್ಥಳ. ಮೊಮ್ಮಕ್ಕಳೊಡನೆ ಹೋಗುವವರಿಗೆ ಮ್ಯಾಜಿಕ್ ಕಿಂಗ್‌ಡಮ್ ಮುಖ್ಯವಾಗಬಹುದು. ಕಾಂಟೆಂಪೊರರಿ ಹೋಟೆಲು ಅದಕ್ಕೆ ಸುಮಾರು ಹತ್ತು ನಿಮಿಷದ ನಡಿಗೆಯಷ್ಟೇ ದೂರದಲ್ಲಿದೆ. ಮೋನೊರೈಲು ಗಾಡಿಯು ಈ ಕಟ್ಟಡದ ಒಡಲೊಳಗೇ ನುಗ್ಗಿ ಹೋಗುವುದನ್ನು ನೋಡುವುದೇ ಒಂದು ವಿನೋದ. ಪಾಲಿನೇಷಿಯನ್, ಗ್ರ್ಯಾಂಡ್ ಫ್ಲಾರಿಡಿಯನ್ ಹೋಟೆಲುಗಳೂ ಆ ಮೋನೊರೈಲಿನ ದಾರಿಯಲ್ಲಿಯೇ ಇವೆ.

ಆದರೆ ಮಕ್ಕಳಿಲ್ಲದೆ ಹೋಗುವ ದೊಡ್ಡವರಿಗೆ ಎಪ್ಕಾಟ್ ಹೆಚ್ಚು ರುಚಿಸುವುದೆಂದು ನಾವು ಭಾವಿಸುವೆವು. ಅಲ್ಲಿ ದೊಡ್ಡ ಸರೋವರವೊಂದರ ಸುತ್ತಲೂ ಮೆಕ್ಸಿಕೊ, ನಾರ್ವೆ, ಚೀಣಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕೊ, ಫ್ರಾನ್ಸ್, ಬ್ರಿಟನ್, ಕೆನಡಾ ಎಂಬ ಹನ್ನೊಂದು ದೇಶಗಳ ಮಂಟಪಗಳಿವೆ. ಆಯಾ ದೇಶದ ಕಟ್ಟಡದ ಶೈಲಿ, ಅಡಿಗೆ, ಸಂಗೀತ, ಅಂಗಡಿಗಳನ್ನು ನೋಡುತ್ತ, ಸುಮಾರು ಎರಡು ಕಿಲೋಮೀಟರಿನ ಆ ಪ್ರದಕ್ಷಿಣೆಯನ್ನು ನಿಧಾನವಾಗಿ ಮುಗಿಸಿದರೆ ಒಂದು ಸಂಜೆಯು ಸಂತೋಷದಿಂದ ಕಳೆಯುವುದು. ಎಪ್ಕಾಟಿಗೆ ಮುಂಬಾಗಿಲಲ್ಲದೆ ಮತ್ತೊಂದು ಬಾಗಿಲೂ ಉಂಟು. ಯಾಟ್ ಕ್ಲಬ್, ಬೀಚ್ ಕ್ಲಬ್, ಬೋರ್ಡ್‌ವಾಕ್ ಎಂಬ ಮೇಲ್ದರ್ಜೆಯ ಹೋಟೆಲುಗಳಿಂದಲೂ, ಬೇರೆಯವರು ನಡೆಸುವ ಸ್ವಾನ್, ಡಾಲ್ಫಿನ್ ಎಂಬ ಹೋಟೆಲುಗಳಿಂದಲೂ ಆ ಬಾಗಿಲಿಗೆ ನಡೆದೇ ಹೋಗಬಹುದು; ಮತ್ತೊಂದು ದಿಕ್ಕಿನಲ್ಲಿ ಹಾಲಿವುಡ್ ಸ್ಟುಡಿಯೋಸಿಗೂ ಕಾಲುದಾರಿಯಿದೆ. ಹಣಕ್ಕೆ ಅಷ್ಟಾಗಿ ಅಡ್ಡಿಯಿಲ್ಲದ, ನಡಿಗೆಯನ್ನು ಮೆಚ್ಚುವ ದಂಪತಿಗಳಿಗೆ ಈ ಸರೋವರತೀರದ ಹೋಟೆಲುಗಳಿಗಿಂತ ಅನುಕೂಲವಾದ ಸ್ಥಳವಿಲ್ಲ.

ಅಷ್ಟು ಹಣವನ್ನು ಕೊಡಲೊಲ್ಲದವರಿಗೂ ದಾರಿಯುಂಟು. ೧೯೮೯ಕ್ಕೆ ಹಿಂದೆಯೇ, ಎಂದರೆ ೧೯೮೮ರಲ್ಲಿ, ತೆರೆದ ಕೆರಿಬಿಯನ್ ಬೀಚ್ ಎಂಬ ಮಧ್ಯಮ ದರ್ಜೆಯ ಹೋಟೆಲು, ಪಾಪ್ ಸೆಂಚುರಿ, ಆರ್ಟ್ ಆಫ್ ಆನಿಮೇಷನ್ ಎಂಬ ಕಡಮೆ ದರ್ಜೆಯ ಹೋಟೆಲುಗಳು, ಇವನ್ನು ಎಪ್ಕಾಟಿಗೂ ಹಾಲಿವುಡ್ ಸ್ಟುಡಿಯೋಸಿಗೂ ಕೂಡಿಸುವ ಸ್ಕೈಲೈನರ್ ಎಂಬ ಆಕಾಶಮಾರ್ಗವು ೨೦೧೯ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ತಂತಿಗೆ ತೂಗುಹಾಕಿದ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬರುತ್ತಲೇ ಇರುವುದರಿಂದ ಬಹಳ ಹೊತ್ತು ಕಾಯಬೇಕಾದುದಿಲ್ಲ. ಆದರೆ ಎರಡು ಸಂಗತಿಗಳನ್ನು ತಿಳಿದಿರಬೇಕು: ಅವುಗಳೊಳಗೆ ಗಾಳಿಯಾಡುವುದೇ ಹೊರತು ಹವಾನಿಯಂತ್ರಣವಿಲ್ಲ, ಮಿಂಚು ಗುಡುಗುಗಳಾದಾಗ ಅವನ್ನು ನಿಲ್ಲಿಸಿಬಿಡುವರು, ಆಗ ಬಸ್ಸೇ ಗತಿ. ಎತ್ತರವೆಂದರೆ ತಲೆ ಸುತ್ತುವವರು ಇದನ್ನೂ ಯೋಚಿಸಬೇಕು. ಇಷ್ಟಾದರೂ, ಕಡಮೆ ಹಣಕ್ಕೆ ಒಳ್ಳೆಯ ದಾರಿಯನ್ನು ಕೊಡುವ ಏರ್ಪಾಡು ಇದಕ್ಕಿಂತ ಬೇರೆ ಕಾಣದು.

ಕಡಮೆ ದರ್ಜೆಯ ಹೋಟೆಲುಗಳೆಂದು ಮೂಗು ಮುರಿಯಬೇಕಾದುದೇನೂ ಇಲ್ಲ. ಅಲ್ಲಿಯೂ ಕೊಠಡಿಗಳು ಶುಚಿಯಾಗಿರುವುವು. ಡಿಸ್ನಿಯ ಹೋಟೆಲುಗಳಲ್ಲಿ ಇಳಿದವರಿಗೆಲ್ಲ ದರ್ಜೆಯ ಭೇದವಿಲ್ಲದೆ ಬೆಳಗ್ಗೆ ಅರ್ಧ ಗಂಟೆ ಮೊದಲು ವನಗಳಿಗೆ ಪ್ರವೇಶವುಂಟು. ಕೆಲವು ರಾತ್ರಿಗಳಲ್ಲಿ ದೊರೆಯುವ ಎರಡು ಗಂಟೆಗಳ ಹೆಚ್ಚಿನ ಅವಕಾಶ ಮಾತ್ರ ಮೇಲ್ದರ್ಜೆಯವರಿಗೆ ಮೀಸಲು. ಪಾಪ್ ಸೆಂಚುರಿಯಲ್ಲಿ ೨,೮೮೦ ಕೊಠಡಿಗಳಿವೆ. ಇಪ್ಪತ್ತನೆಯ ಶತಮಾನದ ದಶಕಗಳನ್ನು ನೆನಪಿಗೆ ತರುವ ಮಹಾಗಾತ್ರದ ಆಟದ ಸಾಮಾನುಗಳು ಕಟ್ಟಡಗಳ ಪಕ್ಕದಲ್ಲಿ ನಿಂತಿರುವುವು. ಇಷ್ಟು ದೊಡ್ಡ ಸ್ಥಳದಲ್ಲಿ ಮಕ್ಕಳ ಕೂಗಾಟವೂ, ಊಟದ ವೇಳೆಯ ನೂಕಾಟವೂ ಇದ್ದೇ ಇರುವುವು. ಬೆಳಗ್ಗೆ ಹೊರಟು ರಾತ್ರಿ ಬಂದು ಮಲಗುವವರಿಗೆ ಇದರಿಂದ ಬಾಧಕವಿಲ್ಲ. ಹಗಲು ಕೊಠಡಿಯ ಮುಂದೆ ಪುಸ್ತಕ ಹಿಡಿದು ಕೂರಬೇಕೆನ್ನುವವರಿಗೆ ಇದು ಸ್ಥಳವಲ್ಲ.

ಇಲ್ಲಿಂದ ಎರಡನೆಯ ಪ್ರಶ್ನೆ ಹುಟ್ಟುವುದು: ವನಕ್ಕೆ ಹೋಗದ ಹೊತ್ತಿನಲ್ಲಿ ನೀವು ಏನು ಮಾಡುವಿರಿ? ಮಕ್ಕಳಿಗೆ ಬಿಡಾರವೆಂದರೆ ಮಲಗುವ ಸ್ಥಳ. ದೊಡ್ಡವರಿಗೆ ಅದೇ ಪ್ರವಾಸದ ಅರ್ಧಭಾಗ. ಈ ಪ್ರಶ್ನೆಗೆ ಉತ್ತಮವಾದ ಉತ್ತರವನ್ನು ಕೊಡುವುದು ೨೦೦೧ರಲ್ಲಿ ತೆರೆದ ಅನಿಮಲ್ ಕಿಂಗ್‌ಡಮ್ ಲಾಡ್ಜ್. ಆಫ್ರಿಕದ ಹುಲ್ಲುಗಾವಲನ್ನು ಹೋಲುವ ಬಯಲುಗಳ ಸುತ್ತಲೂ ಕಟ್ಟಿರುವ ಈ ಹೋಟೆಲಿನಲ್ಲಿ, ಬೆಳಗ್ಗೆ ಎದ್ದು ಕೊಠಡಿಯ ಮೊಗಸಾಲೆಗೆ ಬಂದರೆ ಜಿರಾಫೆಗಳೂ ಪಟ್ಟೆಕುದುರೆಗಳೂ ಮೇಯುತ್ತಿರುವುದನ್ನು ಕಾಣಬಹುದು. ಆದರೆ ಎಲ್ಲಾ ಕೊಠಡಿಗಳೂ ಬಯಲಿನ ಕಡೆಗೆ ಮುಖಮಾಡಿಲ್ಲ; ಸವಾನ್ನಾ ನೋಟದ ಕೊಠಡಿಯೆಂದು ಸ್ಪಷ್ಟವಾಗಿ ಹೇಳಿ ಗೊತ್ತುಮಾಡಬೇಕು. ಅದಕ್ಕೆ ದರವೂ ಹೆಚ್ಚು. ಹೆಚ್ಚು ಕೊಡಲೊಲ್ಲದವರು ಎಲ್ಲರಿಗೂ ತೆರೆದಿರುವ ನೋಟದ ಕಟ್ಟೆಗಳಿಂದ ಪ್ರಾಣಿಗಳನ್ನು ನೋಡಬಹುದು. ಈ ಹೋಟೆಲಿಗೆ ಇರುವ ಕೊರತೆಯೆಂದರೆ ದೂರ. ಎಲ್ಲಾ ವನಗಳಿಗೂ ಬಸ್ಸಿನಲ್ಲಿಯೇ ಹೋಗಬೇಕು. ಎರಡು ದಿನ ವನ, ಒಂದು ದಿನ ವಿಶ್ರಾಂತಿ ಎಂದು ಹಂಚಿಕೊಂಡವರಿಗೆ ಇದು ತಕ್ಕುದು. ನಾಲ್ಕು ದಿನದಲ್ಲಿ ನಾಲ್ಕು ವನಗಳನ್ನೂ ನೋಡಿಬಿಡಬೇಕೆನ್ನುವವರಿಗೆ ಅಲ್ಲ.

ನಮ್ಮವರಿಗೆ ವಿಶೇಷವಾಗಿ ತಿಳಿಸಬೇಕಾದ ಸಂಗತಿಯೊಂದು ಇಲ್ಲಿದೆ. ಈ ಲಾಡ್ಜಿನ ಕಿದಾನಿ ವಿಲೇಜ್ ಎಂಬ ಭಾಗದಲ್ಲಿ ಸನಾ ಎಂಬ ಭೋಜನಶಾಲೆಯುಂಟು. ಆಫ್ರಿಕದ ಅಡಿಗೆಗೆ ಭಾರತದ ಮಸಾಲೆಯನ್ನು ಬೆರೆಸುವುದು ಅದರ ಕ್ರಮ. ತಂದೂರಿ ಒಲೆಯಲ್ಲಿ ಸುಟ್ಟ ನಾನ್ ಮೊದಲಾದ ರೊಟ್ಟಿಗಳನ್ನು ಬಗೆಬಗೆಯ ಚಟ್ನಿ, ರಾಯಿತಗಳೊಡನೆ ಬಡಿಸುವರು. ಕಿಟಕಿಯ ಆಚೆಗೆ ಪ್ರಾಣಿಗಳು ಓಡಾಡುತ್ತಿರುವುವು. ವಾರವೆಲ್ಲ ಬ್ರೆಡ್ಡು ಆಲೂಗಡ್ಡೆಗಳಲ್ಲಿ ಕಾಲ ಹಾಕಿದ ಶಾಕಾಹಾರಿಗಳಿಗೆ ಈ ಒಂದು ಊಟದ ಬೆಲೆ ತಿಳಿಯುವುದು. ಶಾಕಾಹಾರದ ಪದಾರ್ಥಗಳು ಇತರ ಕಡೆಗಳಲ್ಲಿಯೂ ದೊರಕುವುವು. ಆದರೆ ಆ ದೇಶದಲ್ಲಿ ಮೊಟ್ಟೆಯನ್ನು ಶಾಕಾಹಾರದಲ್ಲಿಯೇ ಸೇರಿಸುವರಾದುದರಿಂದ, ಅದನ್ನು ತಿನ್ನದವರು ಬಿಡಿಸಿ ಕೇಳುವುದು ಒಳ್ಳೆಯದು. ಅನ್ನ ಸಾರು ಇಲ್ಲದೆ ದಿನ ಸಾಗದೆಂಬ ಮನೆಯವರು, ಮೂರು ತಲೆಮಾರಿನವರು ಕೂಡಿ ಹೋಗುವುದಾದರೆ, ೧೯೯೧ರಲ್ಲಿ ತೆರೆದ ಓಲ್ಡ್ ಕೀ ವೆಸ್ಟ್ ಮೊದಲಾದ ಸ್ಥಳಗಳ ವಿಲ್ಲಾಗಳನ್ನು ವಿಚಾರಿಸಬೇಕು. ಒಂದು ಮಲಗುವ ಕೋಣೆ ಮತ್ತು ಅದಕ್ಕೆ ಮೇಲ್ಪಟ್ಟ ವಿಲ್ಲಾಗಳಲ್ಲಿ ಪೂರ್ಣವಾದ ಅಡಿಗೆಮನೆಯೇ ಇರುವುದು.

ಶಾಂತಿಯನ್ನು ಬಯಸುವವರು ಒಂದು ಮಾತನ್ನು ತಿಳಿದಿರಬೇಕು. ಡಿಸ್ನಿ ಕಂಪೆನಿಯ ಹೋಟೆಲುಗಳಲ್ಲಿ ದೊಡ್ಡವರಿಗೇ ಮೀಸಲಾದುದು ಯಾವುದೂ ಇಲ್ಲ. ಆದರೆ ಜನಸಂದಣಿ ಕಡಮೆಯಿರುವ ಸ್ಥಳಗಳುಂಟು. ಮಧ್ಯಮ ದರ್ಜೆಯಲ್ಲಿ ಪೋರ್ಟ್ ಆರ್ಲಿಯನ್ಸಿನ ಫ್ರೆಂಚ್ ಕ್ವಾರ್ಟರ್ ೧,೦೦೮ ಕೊಠಡಿಗಳ ಚಿಕ್ಕ ಹೋಟೆಲು. ಅಲ್ಲಿ ಊಟದ ಶಾಲೆಯಾಗಲಿ, ಬಸ್ಸಿನ ನಿಲ್ದಾಣವಾಗಲಿ ಯಾವ ಕೊಠಡಿಗೂ ಬಹಳ ದೂರವಲ್ಲ. ಅಂಗಡಿ ಬೀದಿಗಳಿರುವ ಡಿಸ್ನಿ ಸ್ಪ್ರಿಂಗ್ಸಿಗೆ ಅಲ್ಲಿಂದ ದೋಣಿಯಲ್ಲಿ ಹೋಗಬಹುದು. ಕೊರೊನಾಡೊ ಸ್ಪ್ರಿಂಗ್ಸಿನಲ್ಲಿ ಸಮ್ಮೇಳನಗಳು ನಡೆಯುವುದರಿಂದ ದೊಡ್ಡವರೇ ಹೆಚ್ಚಾಗಿ ಕಾಣುವರು. ೨೦೧೯ರಲ್ಲಿ ತೆರೆದ ಅದರ ಹದಿನೈದಂತಸ್ತಿನ ಗೋಪುರದ ಕೊಠಡಿಗಳು ಮೇಲ್ದರ್ಜೆಗೆ ಸಮೀಪವಾಗಿವೆ. ಗ್ರ್ಯಾಂಡ್ ಫ್ಲಾರಿಡಿಯನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಎಂಬ ಭೋಜನಶಾಲೆಗೆ ಹತ್ತು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ; ೨೦೨೪ರಲ್ಲಿ ಅದಕ್ಕೆ ಮಿಶೆಲಿನ್ ನಕ್ಷತ್ರದ ಗೌರವ ದೊರೆಯಿತು. ಎಲ್ಲಕ್ಕಿಂತ ಮಿಗಿಲಾದ ಶಾಂತಿಯು ಕಾಲವನ್ನು ಆರಿಸುವುದರಲ್ಲಿದೆ. ಕ್ರಿಸ್‌ಮಸ್, ಈಸ್ಟರ್, ಬೇಸಗೆಯ ರಜೆಗಳು ಶಾಲಾಮಕ್ಕಳ ಕಾಲ. ಆ ಕಟ್ಟಿಲ್ಲದ ದೊಡ್ಡವರು ಶಾಲೆಗಳು ನಡೆಯುತ್ತಿರುವ ದಿನಗಳಲ್ಲಿ ಹೋದರೆ ಜನವೂ ಕಡಮೆ, ದರವೂ ಕಡಮೆ.

ವಯಸ್ಸಾದವರ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ. ಮಧ್ಯಮ ದರ್ಜೆಯ ಕೆಲವು ಹೋಟೆಲುಗಳು ಎರಡಂತಸ್ತಿನ ಬಿಡಿಬಿಡಿ ಕಟ್ಟಡಗಳಾಗಿ ಹರಡಿಕೊಂಡಿದ್ದು, ಅವುಗಳಲ್ಲಿ ಲಿಫ್ಟು ಇಲ್ಲದವು ಉಂಟು. ಮಂಡಿನೋವಿನವರು ಕೊಠಡಿಯನ್ನು ಗೊತ್ತುಮಾಡುವಾಗಲೇ ನೆಲದಂತಸ್ತು ಬೇಕೆಂದೂ, ಬಸ್ಸಿನ ನಿಲ್ದಾಣಕ್ಕೆ ಹತ್ತಿರವಿರಬೇಕೆಂದೂ ಕೇಳಿಕೊಳ್ಳಬೇಕು. ವನಗಳಲ್ಲಿ ಗಾಲಿಕುರ್ಚಿಗಳು ಬಾಡಿಗೆಗೆ ದೊರೆಯುವುವು; ಅದನ್ನು ತೆಗೆದುಕೊಳ್ಳುವುದು ಅವಮಾನವಲ್ಲ.

ಇನ್ನು ಹಣದ ಲೆಕ್ಕ. ಕೊಠಡಿಯ ದರವು ದಿನದಿನಕ್ಕೆ ಬೇರೆಯಾಗುವುದು. ಹೇಳಿದ ದರದ ಮೇಲೆ ತೆರಿಗೆಯುಂಟು. ಬಹುಪಾಲು ಹೋಟೆಲುಗಳಿರುವ ಆರೆಂಜ್ ಜಿಲ್ಲೆಯಲ್ಲಿ ಅದು ಶೇಕಡಾ ಹನ್ನೆರಡೂವರೆ, ಎಂದರೆ ಎಂಟರಲ್ಲೊಂದು ಪಾಲು. ಸಾಮಾನ್ಯ ಕೊಠಡಿಗಳ ದರವು ಇಬ್ಬರು ದೊಡ್ಡವರ ಲೆಕ್ಕದ್ದು. ಮೂರನೆಯವರೂ ದೊಡ್ಡವರಾದರೆ ದಿನಕ್ಕೆ ಇಷ್ಟೆಂದು ಹೆಚ್ಚು ಕೊಡಬೇಕು. ಈ ಲೆಕ್ಕದಲ್ಲಿ ಹದಿನೆಂಟು ತುಂಬಿದವರು ದೊಡ್ಡವರು. ವನದ ಟಿಕೆಟಿನ ಲೆಕ್ಕದಲ್ಲಾದರೋ ಹತ್ತು ತುಂಬಿದವರೆಲ್ಲ ದೊಡ್ಡವರೇ! ಕೊಠಡಿಯನ್ನು ಮಾತ್ರ ಗೊತ್ತುಮಾಡಿದ್ದರೆ, ಬರುವುದಕ್ಕೆ ಐದು ದಿನ ಮೊದಲು ಬಿಟ್ಟುಕೊಟ್ಟರೂ ಮುಂಗಡ ಹಿಂದಕ್ಕೆ ಬರುವುದು. ಟಿಕೆಟು ಸಹಿತವಾದ ಏರ್ಪಾಡಾದರೆ ಮೂವತ್ತು ದಿನ ಮೊದಲೇ ತಿಳಿಸಬೇಕು. ಇಂತಹ ನಿಯಮಗಳು ಬದಲಾಗುವುದರಿಂದ, ಹಣ ಕಟ್ಟುವ ಮೊದಲು ಮತ್ತೊಮ್ಮೆ ಓದಿಕೊಳ್ಳುವುದು ಜಾಣತನ.

ಡಿಸ್ನಿ ಪ್ರದೇಶದ ಹೊರಗೆ, ಕಿಸಿಮ್ಮಿ ಮತ್ತು ಒರ್ಲಾಂಡೊ ಕಡೆಗಳಲ್ಲಿ, ಇನ್ನೂ ಅಗ್ಗವಾದ ಹೋಟೆಲುಗಳು ಬೇಕಾದಷ್ಟಿವೆ. ಕಾರು ಇಟ್ಟುಕೊಂಡ ಮಕ್ಕಳು ಅವುಗಳ ಕಡೆಗೆ ತಿರುಗುವುದು ಸಹಜ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕು. ಹೊರಗಿನ ಕೆಲವು ಹೋಟೆಲುಗಳು ದರದ ಮೇಲೆ ರಿಸಾರ್ಟ್ ಫೀ ಎಂದು ದಿನಕ್ಕಿಷ್ಟು ಸೇರಿಸುವುವು. ವನದ ಬಾಗಿಲಲ್ಲಿ ಕಾರು ನಿಲ್ಲಿಸುವುದಕ್ಕೂ ಹೊರಗಿನವರು ಪ್ರತಿದಿನ ಹಣ ಕೊಡಬೇಕು. ಡಿಸ್ನಿಯ ಹೋಟೆಲುಗಳಲ್ಲಿ ಇಳಿದವರಿಗೆ ಅದಿಲ್ಲ, ಹೋಟೆಲಿನಲ್ಲಿ ರಾತ್ರಿ ಕಾರು ನಿಲ್ಲಿಸುವ ಶುಲ್ಕವನ್ನೂ ೨೦೨೩ರ ಜನವರಿಯಲ್ಲಿ ತೆಗೆದುಹಾಕಿದರು. ಮತ್ತೊಂದು ಪಕ್ಕದಲ್ಲಿ, ವಿಮಾನನಿಲ್ದಾಣದಿಂದ ಹೋಟೆಲಿಗೆ ಕಂಪೆನಿಯು ಉಚಿತವಾಗಿ ನಡೆಸುತ್ತಿದ್ದ ಬಸ್ಸು ೨೦೨೨ರ ಆರಂಭದಲ್ಲಿ ನಿಂತುಹೋಯಿತು; ಹಳಬರ ಮಾತನ್ನು ಕೇಳಿ ಅದನ್ನು ನೆಚ್ಚಿಕೊಂಡು ಹೋಗಬಾರದು. ಇವೆಲ್ಲವನ್ನೂ ಕೂಡಿಸಿ ಕಳೆದು ನೋಡಿದರೆ ಅಗ್ಗವೆಂದುದು ಅಷ್ಟು ಅಗ್ಗವಾಗಿರದು. ಒಮ್ಮೊಮ್ಮೆ ನಿಜವಾಗಿಯೂ ಅಗ್ಗವಾಗಿರುವುದು. ಐದಾರು ಮಂದಿ ಒಂದೇ ಕಾರಿನಲ್ಲಿ ಹೋಗಿ, ಒಂದೇ ದಿನ ವನವನ್ನು ನೋಡಿ ಬರುವುದಾದರೆ ಹೊರಗಿನ ಬಿಡಾರವೇ ಲೇಸು.

ಈಗ ಆ “ಎಲ್ಲಾದರೂ ಆದೀತು” ಎಂಬ ಉತ್ತರದ ವಿಚಾರ. ಹಿರಿಯರು ಹಾಗೆ ಹೇಳುವುದು ಮಕ್ಕಳ ಹಣ ಉಳಿಯಲೆಂಬ ವಾತ್ಸಲ್ಯದಿಂದ. ಅದನ್ನು ನಂಬಿ ಮಗನು ದೂರದ ಹೋಟೆಲನ್ನು ಹಿಡಿಯುವನು. ಇಲ್ಲವೆ ಹೆತ್ತವರನ್ನು ಮೆರೆಸಬೇಕೆಂದು ಎಲ್ಲಕ್ಕಿಂತ ದುಬಾರಿಯಾದುದನ್ನು ಹಿಡಿದು, ಕೊಟ್ಟ ಹಣ ವ್ಯರ್ಥವಾಗಬಾರದೆಂದು ಬೆಳಗಿನಿಂದ ನಡುರಾತ್ರಿಯವರೆಗೆ ಎಲ್ಲರನ್ನೂ ಓಡಾಡಿಸುವನು. ಎರಡರಲ್ಲಿಯೂ ಹಿರಿಯರು ಬಾಯಿಬಿಡದೆ ಬಳಲುವರು. ಮೂರನೆಯ ದಿನ “ನೀವು ಹೋಗಿ ಬನ್ನಿ, ನಾವು ಇಲ್ಲಿಯೇ ಇರುತ್ತೇವೆ” ಎನ್ನುವರು. ಮಗನಿಗೆ, ಇಷ್ಟು ಮಾಡಿದರೂ ಅಪ್ಪ ಅಮ್ಮನಿಗೆ ಸಂತೋಷವಾಗಲಿಲ್ಲವೆಂಬ ಕೊರಗು. ದೋಷವು ಯಾರದೂ ಅಲ್ಲ. ಕೇಳಬೇಕಾದುದನ್ನು ಕೇಳಲಿಲ್ಲ, ಹೇಳಬೇಕಾದುದನ್ನು ಹೇಳಲಿಲ್ಲ, ಅಷ್ಟೆ. ಹೆತ್ತವರು ತಮ್ಮ ಮಂಡಿ ಎಷ್ಟು ದೂರ ನಡೆದೀತು, ಮಧ್ಯಾಹ್ನದ ನಿದ್ರೆ ಬೇಕೆ, ರಾತ್ರಿ ಎಷ್ಟು ಹೊತ್ತಿಗೆ ಊಟವಾಗಬೇಕು ಎಂಬುದನ್ನು ಸಂಕೋಚಪಡದೆ ಮೊದಲೇ ಹೇಳಿಬಿಟ್ಟರೆ, ಅದು ಮಕ್ಕಳಿಗೆ ಹೊರೆಯಲ್ಲ, ಉಪಕಾರ. ಮಕ್ಕಳಾದರೂ “ಯಾವ ಹೋಟೆಲು ಬೇಕು?” ಎಂದು ಕೇಳದೆ, “ಮಧ್ಯಾಹ್ನ ಒಮ್ಮೆ ಬಂದು ಮಲಗುವಿರಾ ಅಮ್ಮಾ?” ಎಂದು ಕೇಳಿದರೆ, ತಕ್ಕ ಬಿಡಾರ ಯಾವುದೆಂಬುದು ಆ ಉತ್ತರದಿಂದಲೇ ತಿಳಿಯುವುದು.

ಮಲಗುವೆನೆಂದರೆ, ದಾರಿಗೆ ಹಣ ಕೊಡಿರಿ: ಸರೋವರತೀರದ ಹೋಟೆಲು, ಮೋನೊರೈಲಿನ ಹೋಟೆಲು, ಅಷ್ಟು ಕೈಯಲ್ಲಾಗದಿದ್ದರೆ ಆಕಾಶಮಾರ್ಗದ ಪಕ್ಕದ ಹೋಟೆಲು. ಮಲಗುವುದಿಲ್ಲ, ರಾತ್ರಿಯವರೆಗೆ ತಿರುಗಾಡುವೆನೆಂದರೆ, ಶುಚಿಯಾದ ಕಡಮೆ ದರ್ಜೆಯ ಕೊಠಡಿ ಸಾಕು. ವನಕ್ಕಿಂತ ವಿಶ್ರಾಂತಿಯೇ ಬೇಕೆಂದರೆ, ಎರಡು ದಿನದ ಟಿಕೆಟಿನ ಹಣವನ್ನು ಉಳಿಸಿ, ಜಿರಾಫೆಗಳು ಮೇಯುವ ಬಯಲಿನ ಕಡೆಗೆ ಮುಖವಿರುವ ಕೊಠಡಿಯನ್ನು ಹಿಡಿಯಿರಿ. ಮೊಗಸಾಲೆಯಲ್ಲಿ ಕುಳಿತು ಬೆಳಗಿನ ಕಾಫಿ ಕುಡಿಯುತ್ತ ಅವನ್ನು ನೋಡುವುದ��್ಕೆ ಸಾಲಿನಲ್ಲಿ ನಿಲ್ಲಬೇಕಾದುದಿಲ್ಲ.